ಕೆಡಿಸಲೆಂದೇ ಕಟ್ಟಿದ ದಫ್ತರ

ಪಡಿತರದ ಅಂಗಡಿಯ ಮುಂದಾಗಲಿ, ಪಹಣಿ ಕೊಡುವ ಕಿಟಕಿಯ ಮುಂದಾಗಲಿ ಒಮ್ಮೆಯಾದರೂ ಸಾಲಿನಲ್ಲಿ ನಿಂತ ಗೃಹಸ್ಥರಿಗೆ 'ಸರ್ವರ್ ಇಲ್ಲ' ಎಂಬ ಎರಡು ಮಾತುಗಳ ಪರಿಚಯ ಇದ್ದೇ ಇರುವುದು. ಈ ಸರ್ವರ್ ಎಂಬವನು ಯಾರು, ಎಲ್ಲಿಗೆ ಹೋದನು, ಯಾವಾಗ ಬರುವನು ಎಂದು ಕೇಳುವವರಿಲ್ಲ. ನಮ್ಮ ಯಾಪಲದಿನ್ನಿಯ ಮುದುಕಿಯೊಬ್ಬಳು ಅವನನ್ನು ಊಟಕ್ಕೆ ಹೋದ ಗುಮಾಸ್ತನೆಂದೇ ತಿಳಿದು, ಅವನು ಬರುವ ತನಕ ಕಟ್ಟೆಯ ಮೇಲೆ ಕುಳಿತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಗ ನಕ್ಕೆವು. ಆದರೆ ಆಕೆಗಿಂತ ಹೆಚ್ಚಿನ ತಿಳಿವಳಿಕೆ ನಮಗೂ ಇರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ವರ್ಷದ ವೈಶಾಖದಲ್ಲಿ ನಮ್ಮ ತಂಗಿಯ ಮಗನು ಬೆಂಗಳೂರಿನಿಂದ ಬಂದು ಮೂರು ವಾರ ನಮ್ಮಲ್ಲಿ ಇದ್ದನು. ಹಲವು ಆಸ್ಪತ್ರೆಗಳ ರೋಗಿಗಳ ದಫ್ತರವನ್ನು ಗಣಕಯಂತ್ರದಲ್ಲಿ ಕಾಯ್ದಿಡುವ ಸಂಸ್ಥೆಯೊಂದರಲ್ಲಿ ಅವನಿಗೆ ಉದ್ಯೋಗ. ಆ ದಫ್ತರಕ್ಕೆ ಅವರು ಡೇಟಾಬೇಸ್ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ನಿಜಾಮರ ಕಾಲದಿಂದ ರೂಢಿಯಲ್ಲಿರುವ ದಫ್ತರವೆಂಬ ಮಾತೇ ಅದಕ್ಕೆ ಸಾಕೆಂದು ನಮ್ಮ ಮತ. ಆ ದಫ್ತರವು ಒಂದೇ ಯಂತ್ರದಲ್ಲಿದ್ದರೆ ಯಂತ್ರವು ಕೆಟ್ಟ ದಿನ ಆಸ್ಪತ್ರೆಯೂ ನಿಂತಂತೆಯೇ. ಆದುದರಿಂದ ಅದನ್ನು ಮೂರು ಯಂತ್ರಗಳಲ್ಲಿ ಏಕಕಾಲದಲ್ಲಿ ಬರೆದಿಡುವ ಏರ್ಪಾಡು ಮಾಡಬೇಕಾಗಿದ್ದಿತು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಉಳಿದೆರಡರಲ್ಲಿಯೂ ಮೂಡಬೇಕು. ಇಂಥ ಯಂತ್ರಗಳ ಕೂಟಕ್ಕೆ ಕ್ಲಸ್ಟರ್ ಎಂದು ಹೆಸರು. ನಿಜವಾದ ದಫ್ತರಕ್ಕೆ ಕೈ ಹಚ್ಚುವ ಮೊದಲು ಈ ಕೂಟವನ್ನು ಮನೆಯಲ್ಲಿಯೇ ಕಟ್ಟಿ ನೋಡುವೆನೆಂದು ಅವನು ಹೇಳಿದನು.

ಮನೆಯಲ್ಲಿ ಇದ್ದುದು ಒಂದೇ ಗಣಕಯಂತ್ರ. ಉಳಿದೆರಡಕ್ಕೆ ದುಡ್ಡು ಯಾರು ಕೊಡುವರೆಂದು ನಮ್ಮ ಮನೆಯಾಕೆ ಕೇಳಿದಳು. ಅವನು ನಕ್ಕು, "ಅತ್ತಿ, ಒಂದರೊಳಗೇ ಮೂರು ಮಾಡ್ತೀನ್ರಿ" ಎಂದನು.

ಒಂದು ಯಂತ್ರದ ಒಳಗೆ ಮೂರು ಯಂತ್ರಗಳಿರುವುದೆಂದರೆ ಏನು? ಇದನ್ನು ಅವನು ಬಹಳ ಹೊತ್ತು ವಿವರಿಸಿದನು, ನಮಗೆ ಹತ್ತಲಿಲ್ಲ. ಕೊನೆಗೆ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ಘಟಾಕಾಶದ ದೃಷ್ಟಾಂತವು ನೆನಪಿಗೆ ಬಂದಾಗ ಎಲ್ಲವೂ ತಿಳಿಯಾಯಿತು. ಆಕಾಶವು ಒಂದೇ, ಗಡಿಗೆಗಳು ಮೂರಾದರೆ ಪ್ರತಿಯೊಂದು ಗಡಿಗೆಯೊಳಗೂ ಒಂದೊಂದು ಆಕಾಶವಿರುವಂತೆ ತೋರುವುದು. ನಮ್ಮ ಯಂತ್ರಕ್ಕೆ 16 ಗಿಗಾಬೈಟುಗಳಷ್ಟು ಸ್ಮರಣೆಯಿದ್ದಿತು. ಅದರಲ್ಲಿ ಎರಡೆರಡನ್ನು ಮೂರು ಗಡಿಗೆಗಳಿಗೆ ಅಳೆದು ಕೊಟ್ಟನು. ಗಡಿಗೆಯೊಳಗಿನ ತಂತ್ರಾಂಶಕ್ಕೆ ತಾನು ಗಡಿಗೆಯಲ್ಲಿರುವುದು ತಿಳಿಯದು. ತನಗೊಂದು ಪೂರ್ಣ ಯಂತ್ರವೇ ದೊರೆತಿದೆಯೆಂದು ಅದರ ಭಾವನೆ. ಇದು ಹೊಸದೂ ಅಲ್ಲವಂತೆ. ಅಮೇರಿಕದ ಐಬಿಎಂ ಕಂಪನಿಯವರು 1960ರ ದಶಕದಲ್ಲಿಯೇ ಕೋಣೆಯಷ್ಟು ದೊಡ್ಡ ಯಂತ್ರವೊಂದನ್ನು ಹೀಗೆ ಹಲವಾಗಿ ತೋರಿಸಿದ್ದರು. ನಮ್ಮ ಹುಡುಗನು ಬಳಸಿದ್ದು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ. 2007ರಲ್ಲಿ ಜರ್ಮನಿಯ ಒಂದು ಸಂಸ್ಥೆಯಿಂದ ಹೊರಬಂದು ಈಗ ಒರಾಕಲ್ ಕಂಪನಿಯ ಕೈಯಲ್ಲಿದೆ, ಬೆಲೆಯಿಲ್ಲದೆ ದೊರೆಯುವುದು.

ದಫ್ತರಕ್ಕಾಗಿ ಆರಿಸಿಕೊಂಡ ತಂತ್ರಾಂಶದ ಹೆಸರು ಮರಿಯಾಡಿಬಿ. ಇದರಲ್ಲೊಂದು ಸ್ವಾರಸ್ಯವಿದೆ. ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಎಂಬವರು ತಾವು ರಚಿಸಿದ ಮೊದಲ ದಫ್ತರಕ್ಕೆ ತಮ್ಮ ಹಿರಿಯ ಮಗಳ ಹೆಸರಿಟ್ಟು ಮೈಎಸ್‌ಕ್ಯೂಎಲ್ ಎಂದು ಕರೆದಿದ್ದರು. ಅದು ಕಾಲಕ್ರಮದಲ್ಲಿ ದೊಡ್ಡ ಕಂಪನಿಗಳ ಪಾಲಾಗಲು, 2009ರಲ್ಲಿ ಅದರ ಕವಲೊಂದನ್ನು ಬೇರೆ ಮಾಡಿ ಅದಕ್ಕೆ ಕಿರಿಯ ಮಗಳಾದ ಮರಿಯಾಳ ಹೆಸರನ್ನಿಟ್ಟರು. ಇದನ್ನು ಕೇಳಿದ ಮೇಲೆ ನಮ್ಮ ಮನೆಯಾಕೆಗೂ ಈ ವಿಷಯದಲ್ಲಿ ಆಸ್ಥೆ ಹುಟ್ಟಿತು. ಮೂರೂ ಪ್ರತಿಗಳನ್ನು ಒಂದೇ ನಡೆಯಲ್ಲಿ ನಡೆಸುವ ಭಾಗಕ್ಕೆ ಗಲೇರಾ ಎಂದು ಹೆಸರು.

ಮೊದಲ ದಿನವೇ ಒಂದು ತೊಡಕು ಬಂದಿತು. ಹುಡುಗನು ಒಂದು ಗಡಿಗೆಯನ್ನು ಸಾವಕಾಶವಾಗಿ ಸಿದ್ಧಮಾಡಿ, ಉಳಿದೆರಡನ್ನು ಅದರ ನಕಲಾಗಿ ಇಳಿಸಿದನು. ಮೂವರಿಗೂ 192.168.56.101, 102, 103 ಎಂದು ಬೇರೆ ಬೇರೆ ವಿಳಾಸಗಳನ್ನು ಕೊಟ್ಟಿದ್ದನು. ಆದರೂ ಒಬ್ಬನಿಗೆ ಕಳುಹಿಸಿದ ಮಾತು ಮತ್ತೊಬ್ಬನಿಗೆ ಮುಟ್ಟುವುದು, ಅರೆಗಳಿಗೆ ಎಲ್ಲವೂ ಸರಿಯಾಗಿದ್ದು ಮತ್ತೆ ತಪ್ಪುವುದು. ಅರ್ಧ ದಿನ ಹುಡುಕಿದ ಮೇಲೆ ಕಾರಣವು ಸಿಕ್ಕಿತು. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಹುಟ್ಟಿನಿಂದ ಬಂದ ಒಂದು ಗುರುತಿನ ಸಂಖ್ಯೆಯುಂಟು, ಅದಕ್ಕೆ ಮ್ಯಾಕ್ ಎನ್ನುತ್ತಾರೆ. ನಕಲು ಮಾಡುವಾಗ ಹೊಸ ಸಂಖ್ಯೆ ಕೊಡೆಂದು ಹೇಳುವುದನ್ನು ಅವನು ಮರೆತಿದ್ದನು. ತರಗತಿಯಲ್ಲಿ ಮೂವರು ಹನುಮಂತರಿದ್ದರೆ ಹಾಜರಿ ಕೂಗುವಾಗ ಆಗುವ ಫಜೀತಿಯನ್ನು ನಾವು ಮೂವತ್ತು ವರ್ಷ ಅನುಭವಿಸಿದ್ದೇವೆ. ಆದುದರಿಂದ ಅವನನ್ನು ಬೈಯಲಿಲ್ಲ.

ಕೂಟವು ಸಿದ್ಧವಾದ ಮೇಲೆ ಅದರಲ್ಲಿ ತುಂಬಲು ಹೆಸರುಗಳು ಬೇಕಾದವು. ನಿಜವಾದ ರೋಗಿಗಳ ವಿವರವನ್ನು ಹೀಗೆ ಪರೀಕ್ಷೆಗೆ ಬಳಸಬಾರದು. ಬಳಸಿದರೆ ಅದು ವಿಶ್ವಾಸಘಾತ. ಅಲ್ಲದೆ 2023ರಲ್ಲಿ ಭಾರತ ಸರಕಾರವು ಜನರ ಖಾಸಗಿ ವಿವರಗಳ ರಕ್ಷಣೆಗಾಗಿ ಕಾಯಿದೆಯನ್ನೇ ಮಾಡಿದೆ. ಸಾವಿರ ಸುಳ್ಳು ಹೆಸರುಗಳನ್ನು ನಾವು ಬರೆದುಕೊಡಬೇಕೆಂದು ಹುಡುಗನ ಬೇಡಿಕೆ. ಸುಳ್ಳು ಬರೆದರೆ ಅಂಗೈಗೆ ಬೆತ್ತದ ರುಚಿ ತೋರಿಸಿದ ಮಾಸ್ತರನಿಗೆ ಮುಪ್ಪಿನಲ್ಲಿ ಬಂದ ಕೆಲಸ ಇದು! ಆದರೂ ಉತ್ಸಾಹದಿಂದಲೇ ಕುಳಿತೆವು. ನರಸಪ್ಪ, ಈರಮ್ಮ, ಮೌಲಾಸಾಬ, ಹುಸೇನಪ್ಪ, ತಿಮ್ಮಕ್ಕ ಎಂದು ನಮ್ಮ ಸೀಮೆಯ ಹೆಸರುಗಳನ್ನೇ ಹಿಂದುಮುಂದು ಮಾಡಿ ಜೋಡಿಸಿ, ಒಬ್ಬೊಬ್ಬರಿಗೂ ಊರು, ತಂದೆಯ ಹೆಸರು, ಹುಟ್ಟಿದ ದಿನ ಕೊಟ್ಟೆವು. ಆಗ ಒಂದು ಸಂಗತಿ ತಿಳಿಯಿತು. 'ಕೃಷ್ಣ' ಎಂಬಲ್ಲಿ ನಮ್ಮ ಲೆಕ್ಕಕ್ಕೆ ಎರಡು ಅಕ್ಷರ. ಯಂತ್ರವು ಕಕಾರ, ಋಕಾರದ ಚಿಹ್ನೆ, ಷಕಾರ, ವಿರಾಮ, ಣಕಾರ ಎಂದು ಐದನ್ನು ಎಣಿಸುವುದು. ಒಂದೊಂದನ್ನೂ ಬರೆದಿಡಲು ಮೂರು ಬೈಟುಗಳಂತೆ ಹದಿನೈದು ಬೈಟುಗಳ ಸ್ಥಳ ಬೇಕು. 'ಮಲ್ಲಿಕಾರ್ಜುನ'ನಿಗೆ ಐದು ಅಕ್ಷರ, ಯಂತ್ರದ ಎಣಿಕೆಯಲ್ಲಿ ಹನ್ನೆರಡು. ಇಂಗ್ಲಿಷಿನ ಹೆಸರುಗಳನ್ನಷ್ಟೇ ತುಂಬಿ ಪರೀಕ್ಷಿಸಿದ ದಫ್ತರದಲ್ಲಿ ನಮ್ಮವರ ಹೆಸರಿನ ಬಾಲ ಏಕೆ ಕತ್ತರಿಸಿ ಹೋಗುವುದೆಂಬುದು ಅಂದು ಅರ್ಥವಾಯಿತು.

ಇಷ್ಟಾದ ಮೇಲೆ ಹುಡುಗನು ಒಂದು ಗಡಿಗೆಯನ್ನು ತಟ್ಟನೆ ನಿಲ್ಲಿಸಿಬಿಟ್ಟನು. ಸುಳ್ಳಾದರೂ ನಾವು ಶ್ರಮಪಟ್ಟು ಬರೆದ ಹೆಸರುಗಳು. ಏಕೆ ಕೆಡಿಸುವೆಯೆಂದು ನಾವು ಗದರಿದೆವು.

"ಮಾವಾ, ಇದನ್ನ ಕಟ್ಟಿದ್ದೇ ಕೆಡಿಸಲಿಕ್ಕೆ ರೀ. ಇಲ್ಲೆ ಕೆಡಿಸಿ ನೋಡ್ಲಿಲ್ಲಂದ್ರ ಅಲ್ಲೆ ತಾನಾಗೇ ಕೆಟ್ಟಾಗ ನಂಗ ಏನೂ ತಿಳೀಂಗಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಉಳಿದೆರಡು ಯಂತ್ರಗಳು ಏನೂ ಆಗದವರಂತೆ ಕೆಲಸ ಮಾಡುತ್ತಲೇ ಇದ್ದವು. ನಾವು ಮತ್ತೆ ಇಪ್ಪತ್ತು ಹೆಸರು ಸೇರಿಸಿದೆವು. ನಿಂತದ್ದನ್ನು ಪುನಃ ಎಬ್ಬಿಸಿದಾಗ ಅದು ತಾನಿಲ್ಲದಾಗ ಏನೇನಾಯಿತೆಂದು ಜೊತೆಗಾರರನ್ನು ಕೇಳಿ, ಆ ಇಪ್ಪತ್ತನ್ನು ಮಾತ್ರ ಬರೆದುಕೊಂಡಿತು. ಈ ನಡುವಿನ ಸಂಗತಿಗಳನ್ನು ನೆನಪಿಟ್ಟುಕೊಳ್ಳಲು ಗಲೇರಾ ಮೊದಲಿಗೆ 128 ಮೆಗಾಬೈಟುಗಳಷ್ಟು ಸ್ಥಳ ಕಾದಿರಿಸುತ್ತದೆ. ಗೈರುಹಾಜರಿ ಅದಕ್ಕೂ ಮೀರಿದರೆ ಇಡೀ ದಫ್ತರವನ್ನೇ ಮೊದಲಿನಿಂದ ನಕಲು ಮಾಡಿಕೊಳ್ಳಬೇಕು. ನಾಲ್ಕು ದಿನ ತಪ್ಪಿಸಿದ ಹುಡುಗನು ಗೆಳೆಯನ ಪುಸ್ತಕ ನೋಡಿಕೊಳ್ಳುವನು, ವರ್ಷವೇ ತಪ್ಪಿಸಿದವನು ಅದೇ ತರಗತಿಯಲ್ಲಿ ಕೂರುವನು.

ಅನಂತರ ನಡೆದ ಪ್ರಯೋಗವು ನಮಗೆ ಎಲ್ಲಕ್ಕಿಂತ ಹಿಡಿಸಿತು. ಯಂತ್ರವನ್ನು ನಿಲ್ಲಿಸದೆ, ಅದರ ತಂತಿಯನ್ನು ಮಾತ್ರ ಕಿತ್ತಂತೆ ಮಾಡಲು ಸಾಧ್ಯವಿದೆ. ತಂತಿಯೂ ಸುಳ್ಳಿನದೇ ಆದುದರಿಂದ ಒಂದು ಗುರುತನ್ನು ಅಳಿಸಿದರಾಯಿತು. ಈ ಕೆಲಸವನ್ನು ನಮ್ಮಿಂದಲೇ ಮಾಡಿಸಿದನು. ಮೂರನೆಯ ಯಂತ್ರವು ಜೀವಂತವಾಗಿದ್ದರೂ ಒಂಟಿಯಾಯಿತು. ಅದನ್ನು ಒಂದು ಹೆಸರು ಕೇಳಿದರೆ, ತಾನಿನ್ನೂ ಕೆಲಸಕ್ಕೆ ಸಿದ್ಧವಾಗಿಲ್ಲವೆಂಬ ಅರ್ಥದ ಉತ್ತರ ಕೊಟ್ಟಿತು. ಹೆಸರು ಅದರ ಹೊಟ್ಟೆಯಲ್ಲಿಯೇ ಇದೆ, ಹೇಳಲೊಲ್ಲದು. ಇದೆಂಥ ಹಟ?

ಹಟವಲ್ಲ, ವಿವೇಕ. ತಂತಿ ಹರಿದಾಗ ಅದಕ್ಕೆ ತಿಳಿಯುವುದು ಇಷ್ಟೇ: ಉಳಿದವರ ದನಿ ಕೇಳಿಸುತ್ತಿಲ್ಲ. ಅವರು ಸತ್ತರೋ, ತಾನೇ ಅಗಲಿದೆನೋ ತಿಳಿಯುವ ಬಗೆಯಿಲ್ಲ. ಒಂದು ವೇಳೆ ಅದು ಧೈರ್ಯಮಾಡಿ ಬರೆಯಲು ಹೊರಟು, ಅತ್ತ ಉಳಿದಿಬ್ಬರೂ ಬರೆಯುತ್ತಿದ್ದರೆ, ಒಂದು ಊರಿಗೆ ಎರಡು ದಫ್ತರಗಳಾಗುವುವು. ಇಲ್ಲಿ ರೋಗಿಗೆ ಒಂದು ಔಷಧ, ಅಲ್ಲಿ ಬೇರೊಂದು. ಅದಕ್ಕಾಗಿ ನಿಯಮ: ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಕಣ್ಣಿಗೆ ಕಾಣುವರೋ ಅವರೇ ಬರೆಯಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಮೂವರಲ್ಲಿ ಇಬ್ಬರೆಂದರೆ ಬಹುಮತ. ಆ ಇಬ್ಬರ ನಡುವಿನ ತಂತಿಯನ್ನೂ ನಾವು ಕಿತ್ತೆವು. ಇಬ್ಬರಲ್ಲಿ ಒಬ್ಬನೆಂದರೆ ಅರ್ಧ, ಅರ್ಧಕ್ಕಿಂತ ಹೆಚ್ಚಲ್ಲ, ಇಬ್ಬರೂ ಮೌನವಾದರು. ಆದರೆ ಅವರಲ್ಲೊಬ್ಬನು ಕ್ರಮದಂತೆ ಹೇಳಿ ಹೋಗಿದ್ದರೆ ಉಳಿದವನು ಒಬ್ಬನೇ ಕೆಲಸ ನಡೆಸುತ್ತಿದ್ದನು. ಮನೆಯಿಂದ ಹೊರಡುವಾಗ 'ಹೋಗಿ ಬರ್ತೀನಿ' ಎಂದು ಹೇಳಿ ಹೋಗೆಂದು ನಮ್ಮ ತಾಯಿಯವರು ಒತ್ತಾಯಿಸುತ್ತಿದ್ದುದು ನೆನಪಾಯಿತು.

ನಿಜವಾದ ಪರೀಕ್ಷೆಯು ಇದಾದ ಮೂರನೆಯ ದಿನ ಸಂಜೆ, ಯಾರೂ ಏರ್ಪಡಿಸದೆಯೇ ಬಂದಿತು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಸ್ಥಾವರವಿದೆ. ಆದರೆ ವೈಶಾಖದ ಬಿರುಗಾಳಿಗೆ ಬೇವಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಸ್ಥಾವರವೇನು ಮಾಡೀತು? ದೀಪ ಆರಿತು. ಗಣಕಯಂತ್ರಕ್ಕೆ ಯುಪಿಎಸ್ ಪೆಟ್ಟಿಗೆಯಿದೆ, ಹೆದರಬೇಡವೆಂದು ನಾವು ಹೇಳುವಷ್ಟರಲ್ಲಿ ಯಂತ್ರವೂ ಆರಿತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿದ್ದುದನ್ನು ನಾವು ಎರಡು ವರ್ಷ ನೋಡಿ ನಂಬಿದ್ದೆವು. ಒಳಗಿನ ಬ್ಯಾಟರಿ ಎಂದು ಸತ್ತಿತೋ ನೋಡಿರಲಿಲ್ಲ.

ರಾತ್ರಿ ಹತ್ತಕ್ಕೆ ವಿದ್ಯುತ್ತು ಬಂದ ಮೇಲೆ ಮೂರು ಗಡಿಗೆಗಳನ್ನೂ ಎಬ್ಬಿಸಿದರೆ ಒಂದೂ ದಫ್ತರವನ್ನು ತೆರೆಯದು. ಕೊನೆಗೆ ನಿಂತವನೇ ಮೊದಲು ಏಳಬೇಕೆಂಬುದು ಈ ಕೂಟದ ಕಟ್ಟಳೆ. ಏಕೆಂದರೆ ಎಲ್ಲಕ್ಕೂ ಹೊಸ ಸಂಗತಿ ಅವನಲ್ಲಿರುವುದು. ಕ್ರಮದಂತೆ ನಿಲ್ಲಿಸಿದರೆ ಕೊನೆಯವನು ತನ್ನ ಕಡತದಲ್ಲಿ 1 ಎಂದು ಗುರುತು ಮಾಡಿಕೊಂಡಿರುತ್ತಾನೆ. ಮೂವರೂ ಒಂದೇ ಏಟಿಗೆ ಬಿದ್ದುದರಿಂದ ಮೂವರಲ್ಲಿಯೂ ಸೊನ್ನೆಯೇ ಇದ್ದಿತು. ಹುಡುಗನ ಮುಖ ಬಾಡಿತು. ಒಬ್ಬನನ್ನು ಬಲವಂತವಾಗಿ ಎಬ್ಬಿಸುವೆನೆಂದು ಕೈಯೆತ್ತಿದವನು ಮತ್ತೆ ತಡೆದು, ಮೂವರ ಕೊನೆಯ ಲೆಕ್ಕದ ಸಂಖ್ಯೆಯನ್ನು ಹೊರತೆಗೆಸಿ ನೋಡಿದನು. ಇಬ್ಬರಲ್ಲಿ ಒಂದೇ ಸಂಖ್ಯೆ. ಮೊದಲನೆಯವನಲ್ಲಿ ಮೂರು ಕಡಿಮೆ. ಆತುರದಲ್ಲಿ ಅವನು ಎಬ್ಬಿಸಹೊರಟಿದ್ದುದು ಆ ಮೊದಲನೆಯವನನ್ನೇ. ಹಾಗೆ ಮಾಡಿದ್ದರೆ ಉಳಿದಿಬ್ಬರೂ ಅವನ ನಡೆಯನ್ನೇ ಅನುಸರಿಸಿ, ಆ ಮೂರು ಲೆಕ್ಕಗಳು ಸದ್ದಿಲ್ಲದೆ ಮಾಯವಾಗುತ್ತಿದ್ದವು.

"ನಾಳಿ ಬೆಂಗಳೂರಾಗ ಹಿಂಗಾದ್ರ?" ಎಂದು ಅವನು ತನ್ನಷ್ಟಕ್ಕೆ ಕೇಳಿಕೊಂಡನು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೂರು ಪ್ರತಿಗಳೂ ಒಂದೇ ಪೆಟ್ಟಿಗೆಯಲ್ಲಿದ್ದವೆಂಬುದು ಮನಸ್ಸನ್ನು ಕೊರೆಯುತ್ತಿದ್ದಿತು. ಕಾರಣವನ್ನು ಮರೆಮಾಚುವುದು ಸಲ್ಲದು. 2009ರಲ್ಲಿ ನಾವು ಹೊಳೆಯ ಸಮೀಪದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಸ್ಥಾನವನ್ನು ನೋಡಿಕೊಳ್ಳುತ್ತಿದ್ದೆವು. ಆ ವರ್ಷ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಸುರಿದ ಮಳೆಯನ್ನು, ಕೃಷ್ಣೆ ತುಂಗಭದ್ರೆಯರು ಉಕ್ಕಿ ಬಂದುದನ್ನು ರಾಯಚೂರು ಜಿಲ್ಲೆಯವರು ಮರೆಯಲಾರರು. ಶಾಲೆಯ ಪ್ರವೇಶದ ರಿಜಿಸ್ಟರಿಗೆ ನಾವು ಮುಂದಾಲೋಚನೆಯಿಂದ ಒಂದು ನಕಲು ಮಾಡಿಸಿದ್ದೆವು. ಅಂದವಾದ ಅಕ್ಷರದ ಇಬ್ಬರು ಹುಡುಗರು ಬೇಸಗೆಯ ರಜೆಯೆಲ್ಲ ಕುಳಿತು ಬರೆದಿದ್ದರು. ಆ ನಕಲನ್ನು ಜೋಪಾನವಾಗಿ ಅಸಲಿನ ಪಕ್ಕದಲ್ಲಿಯೇ, ಅದೇ ಕಬ್ಬಿಣದ ಅಲಮಾರಿಯ ಕೆಳಗಿನ ಅಂಕಣದಲ್ಲಿ ಇಟ್ಟೆವು. ನೀರು ಇಳಿದ ಮೇಲೆ ಬಾಗಿಲು ತೆಗೆದಾಗ ಎರಡೂ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿದ್ದವು. ಶಾಯಿಯೆಲ್ಲ ಹರಿದು ನೀಲಿ ನೀರಾಗಿದ್ದಿತು.

ಮೂರು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಜನ್ಮದಿನಾಂಕದ ದಾಖಲೆಗಾಗಿ ಬಂದಳು. ನೌಕರಿಯೊಂದಕ್ಕೆ ಅರ್ಜಿ ಹಾಕಲು ಒಂಬತ್ತು ದಿನ ಉಳಿದಿದ್ದವು. ಆಕೆಯ ಮನೆಯ ಕಾಗದಗಳೂ ಅದೇ ನೀರಿಗೆ ಹೋಗಿದ್ದವು. ನಾವು ಪ್ರಮಾಣಪತ್ರಕ್ಕೆ ಸಹಿ ಮಾಡಿದೆವು, ತಾಲೂಕಿಗೆ ಜೊತೆಯಲ್ಲಿ ಹೋದೆವು, ಕೈ ಮುಗಿದೆವು, ದಿನ ಮೀರಿತು. ಆಕೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. "ನೀವೇನ್ ಮಾಡ್ತೀರ್ರಿ ಸರ್, ಮಳಿ ಮಾಡಿದ್ದು" ಎಂದು ಹೋದಳು. ಮಳೆ ಮಾಡಿದ್ದು ಅರ್ಧ; ಉಳಿದರ್ಧವನ್ನು ಮಾಡಿದವರು ಯಾರೆಂದು ನಮಗೆ ಗೊತ್ತಿದ್ದಿತು.

ಬೆಳಿಗ್ಗೆ ಇದನ್ನು ಹೇಳಿದಾಗ ಹುಡುಗನು ಸುಮ್ಮನೆ ಕೇಳಿ, ತಮ್ಮ ವೃತ್ತಿಯವರು ನೆನಪಿಡುವ ಒಂದು ಸಂಗತಿಯನ್ನು ತಿಳಿಸಿದನು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ದಣಿದ ತಂತ್ರಜ್ಞನೊಬ್ಬನು ಒಂದು ಯಂತ್ರವೆಂದು ತಿಳಿದು ಮತ್ತೊಂದು ಯಂತ್ರದ ದಫ್ತರವನ್ನು, ಅದೂ ಮುಖ್ಯವಾದುದನ್ನೇ, ಅಳಿಸಿಬಿಟ್ಟನು. ಅವರಲ್ಲಿ ಐದು ಬಗೆಯ ರಕ್ಷಣೆಗಳಿದ್ದವು. ಕಷ್ಟಕಾಲಕ್ಕೆ ನಂಬಬಹುದಾದುದು ಒಂದೂ ಇರಲಿಲ್ಲವೆಂದು ಅವರೇ ಬಹಿರಂಗವಾಗಿ ಹೇಳಿದರು. ಕೊನೆಗೆ ಉಳಿಸಿದ್ದು ಯಾವುದು? ಸುಮಾರು ಆರು ಗಂಟೆಗಳ ಮೊದಲು, ಪರೀಕ್ಷೆಯ ಪರಿಸರಕ್ಕೆ ಬೇಕೆಂದು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ! ಆ ಆರು ಗಂಟೆಗಳ ಬರವಣಿಗೆ ಮಾತ್ರ ಹೋಯಿತು.

ಅಂದೇ ಮಧ್ಯಾಹ್ನ ಅವನು ನಾಲ್ಕನೆಯ ಗಡಿಗೆಯೊಂದನ್ನು ಖಾಲಿಯಾಗಿ ಸಿದ್ಧಮಾಡಿ, ಬೇರೆಡೆ ತೆಗೆದಿಟ್ಟಿದ್ದ ಪ್ರತಿಯನ್ನು ಅದಕ್ಕೆ ಇಳಿಸಿದನು. ಎಣಿಸಿದನು, 1020 ಹೆಸರುಗಳು, ಒಂದೂ ಹೆಚ್ಚುಕಡಿಮೆಯಿಲ್ಲ. "ಬರೋಬ್ಬರಿ ಅದ ರೀ ಮಾವಾ" ಎಂದು ಎದ್ದನು. ನಮಗೆ ಮಾಸ್ತರಿಕೆಯ ಹಳೆಯ ಚಟ. ಎಣಿಕೆಯಿಂದ ತೃಪ್ತಿಯಿಲ್ಲ, ಹಾಜರಿ ಕೂಗಬೇಕು. ಹೆಸರುಗಳನ್ನು ತೋರಿಸೆಂದೆವು. ತೋರಿಸಿದನು. ನರಸಪ್ಪನಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಈರಮ್ಮನಿದ್ದಲ್ಲಿಯೂ ಅದೇ. ಮೊದಲಿನಿಂದ ಕೊನೆಯವರೆಗೆ ಕನ್ನಡದ ಒಂದಕ್ಷರವಿಲ್ಲ. ಹೊಸ ಗಡಿಗೆಯಲ್ಲಿ ಕೋಷ್ಟಕವನ್ನು ಮೊದಲೇ ರಚಿಸುವಾಗ ಲಿಪಿಯ ಆಯ್ಕೆಯನ್ನು ಯಂತ್ರಕ್ಕೆ ಬಿಟ್ಟುದರಿಂದ ಅದು ಪಾಶ್ಚಾತ್ಯ ಲಿಪಿಗೆ ಮಾತ್ರ ಸಲ್ಲುವ ಪದ್ಧತಿಯನ್ನು ಹಿಡಿದಿದ್ದಿತು. ತನಗೆ ತಿಳಿಯದ ಅಕ್ಷರಗಳನ್ನೆಲ್ಲ ಪ್ರಶ್ನೆಯಾಗಿಸಿ, ಜಗಳವಿಲ್ಲದೆ ಒಳಗೆ ಸೇರಿಸಿಕೊಂಡಿದ್ದಿತು. ಹುಡುಗನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ನಿಂತನು. ನಿಜವಾದ ದಫ್ತರದಲ್ಲಿಯೂ ಕನ್ನಡದ ಹೆಸರುಗಳಿದ್ದವು.

ಅವನು ಬೆಂಗಳೂರಿಗೆ ಹೋದ ಹದಿನೈದು ದಿನಗಳ ಮೇಲೆ ದೂರವಾಣಿಯಲ್ಲಿ ಮಾತನಾಡಿದನು. ಮೂರು ಯಂತ್ರಗಳನ್ನು ಒಂದೇ ಕೋಣೆಯಲ್ಲಿ ಇಡುವ ಯೋಚನೆಯನ್ನು ಕೈಬಿಟ್ಟರಂತೆ; ಪ್ರತಿ ತಿಂಗಳೂ ತೆಗೆದಿಟ್ಟ ಪ್ರತಿಯನ್ನು ಖಾಲಿ ಯಂತ್ರಕ್ಕೆ ಇಳಿಸಿ, ಎಣಿಸುವುದರ ಜೊತೆಗೆ ಕೆಲವು ಹೆಸರುಗಳನ್ನು ಓದಿ ನೋಡುವ ಕ್ರಮವನ್ನು ಹಾಕಿಕೊಂಡರಂತೆ. ಅಲ್ಲಿ ಇದಕ್ಕೆ ಮಾವನ ಹಾಜರಿ ಎಂದೇ ಹೆಸರು ಬಿದ್ದಿದೆಯೆಂದು ನಕ್ಕನು.

ನಾವಾದರೋ ಹಳೆಯ ಟಿ.ಸಿ.ಗಳು, ತರಗತಿಯ ಭಾವಚಿತ್ರಗಳ ಹಿಂದೆ ಬರೆದ ಸಾಲುಗಳು, ಮನೆಮನೆಯ ಜಾತಕಗಳು ಇವನ್ನೆಲ್ಲ ಕೂಡಿಸಿ, ಆ ಮುದ್ದೆಯಾದ ರಿಜಿಸ್ಟರಿನಲ್ಲಿದ್ದವರಲ್ಲಿ ಇನ್ನೂರಾ ಹನ್ನೆರಡು ಮಂದಿಯ ವಿವರವನ್ನು, ಅವರವರ ಒಪ್ಪಿಗೆ ಪಡೆದು, ಮತ್ತೆ ಬರೆದಿದ್ದೇವೆ. ಸರಕಾರದ ಕಣ್ಣಿಗೆ ಅದು ದಾಖಲೆಯಾಗದು. ದಾಖಲೆ ಹುಡುಕುವವರಿಗೆ ದಾರಿಯನ್ನಂತೂ ತೋರಿಸುವುದು. ಒಂದು ಪ್ರತಿ ಯಾಪಲದಿನ್ನಿಯಲ್ಲಿ ನಮ್ಮಲ್ಲಿ, ಒಂದು ಮಾನ್ವಿಯಲ್ಲಿ ನಮ್ಮ ಸಹೋದ್ಯೋಗಿಯಾಗಿದ್ದ ಹಿರಿಯರಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಹುಡುಗನಲ್ಲಿ. ವೇದಾಧ್ಯಯನದ ಕ್ರಮಪಾಠದಲ್ಲಿ ಪ್ರತಿಯೊಂದು ಪದವನ್ನೂ ಒಮ್ಮೆ ಹಿಂದಿನ ಪದದೊಡನೆ, ಒಮ್ಮೆ ಮುಂದಿನ ಪದದೊಡನೆ ಹೇಳುವುದುಂಟು. ಜಾರಿದ ಪದವು ನೆರೆಯವರಿಂದ ಸಿಕ್ಕಿಬೀಳುವುದು. ಅದೇ ರೀತಿಯಲ್ಲಿ ವಿಜಯದಶಮಿಯ ದಿನ ಮೂವರೂ ದೂರವಾಣಿಯಲ್ಲಿ ಕುಳಿತು, ಒಬ್ಬೊಬ್ಬರ ಹೆಸರನ್ನೂ ಹಿಂದಿನವರ ಹೆಸರಿನೊಡನೆ ಸೇರಿಸಿ ಓದುತ್ತೇವೆ. ಕಳೆದ ಸಲ ಮಾನ್ವಿಯ ಪ್ರತಿಯಲ್ಲಿ ಇಬ್ಬರ ಜನ್ಮದಿನಾಂಕಗಳು ಅದಲುಬದಲಾಗಿರುವುದು ಕಂಡುಬಂದಿತು. ಮಾನ್ವಿಯವರು ತಮ್ಮದೇ ಸರಿಯೆಂದು ಸ್ವಲ್ಪ ವಾದಿಸಿದರು. ಉಳಿದಿಬ್ಬರದು ಒಂದೇ ಆಗಿದ್ದುದರಿಂದ ಕೊನೆಗೆ ಲೇಖನಿ ತೆಗೆದು ತಿದ್ದಿಕೊಂಡರು.